ಕಾಲಿಗೆ ಪ್ಲಾಸ್ಟರ್, ಕೈಗೆ ಕಾರಿನ ಕೀಲಿ

ದಾವಣಗೆರೆಯ ಮಂಡಿಪೇಟೆಯಲ್ಲಿ ಅಂಗಡಿ ಬಾಗಿಲು ತೆಗೆಯುವ ಹೊತ್ತು ಎಂದರೆ ಕೈಗಾಡಿ, ಲಗೇಜ್ ಆಟೊ, ಬೈಕು, ಹಮಾಲರು, ದನ ಎಲ್ಲ ಸೇರಿದ ಒಂದೇ ಸಂತೆ. ಈ ಸಂತೆಯ ನಡುವೆ ಒಂದು ಬಿಳಿ ಕಾರು ಬಂದು ನಿಲ್ಲುತ್ತದೆ. ಬಾಗಿಲು ತೆರೆದಾಗ ಮೊದಲು ಹೊರಗೆ ಬರುವುದು ಊರುಗೋಲು. ಆಮೇಲೆ ಪಟ್ಟಿ ಸುತ್ತಿದ ಕಾಲು. ಅದರ ಹಿಂದೆ ಸಾಹುಕಾರರು.

"ಏನ್ರೀ ಸಾವ್ಕಾರ್ರೇ, ಕಾಲು ಹಿಂಗಾಗಿದ್ರೂ ನೀವೇ ಕಾರು ತಗಂಡು ಬಂದೀರಲ್ಲ?" ಎಂದು ಪಕ್ಕದ ಅಂಗಡಿಯವರು ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ. "ಇದು ಆಟೋಮೆಟಿಕ್ ರೀ. ಕ್ಲಚ್ಚಿಲ್ಲ, ಗೇರಿನ ಗೋಜಿಲ್ಲ. ಒಂದು ಕಾಲು ನೆಟ್ಟಗಿದ್ರೆ ಸಾಕು."

ಇಂಥ ಸಾಹುಕಾರರು ಮಂಡಿಪೇಟೆಯಲ್ಲಿ ಮಾತ್ರವಲ್ಲ, ಯಾವ ಊರಿನ ಪೇಟೆಯಲ್ಲಿ ಹುಡುಕಿದರೂ ಸಿಗುತ್ತಾರೆ. ಬಚ್ಚಲಲ್ಲಿ ಜಾರಿ ಬಿದ್ದವರು, ಬೈಕಿನಿಂದ ಉರುಳಿದವರು, ಮಂಡಿ ಆಪರೇಷನ್ ಮಾಡಿಸಿಕೊಂಡವರು. ಅವರ ಮಾತು ಪೂರ್ತಿ ಸುಳ್ಳಲ್ಲ. ಹಾಗೆಂದು ಪೂರ್ತಿ ನಿಜವೂ ಅಲ್ಲ. ಆಟೋಮೆಟಿಕ್ ಕಾರಿಗೆ ಒಂದೇ ಕಾಲು ಸಾಕು ಎಂಬುದು ಖರೆ. ಆದರೆ ಯಾವ ಕಾಲು? ಇಡೀ ಪ್ರಶ್ನೆ ನಿಂತಿರುವುದು ಇದರ ಮೇಲೆ. ರಸ್ತೆ ಬದಿಯಲ್ಲಿ ಬಸ್ಸಿಗೆ ಕಾಯುತ್ತ ನಿಂತವರ ಜೀವವೂ ನಿಂತಿರುವುದು ಇದರ ಮೇಲೆಯೇ.

ಎಡವೋ, ಬಲವೋ?

ಹಳೆಯ ಪದ್ಧತಿಯ ಕಾರಿನಲ್ಲಿ ಕಾಲಡಿ ಮೂರು ಪೆಡಲ್. ಎಡಗಾಲಿಗೆ ಕ್ಲಚ್ಚು. ಬಲಗಾಲಿಗೆ ಬ್ರೇಕು ಮತ್ತು ಎಕ್ಸಲೇಟರ್. ಆಟೋಮೆಟಿಕ್ ಕಾರಿನಲ್ಲಿ ಕ್ಲಚ್ಚಿನ ಪೆಡಲ್ ಇಲ್ಲ. ಉಳಿದ ಎರಡನ್ನೂ ನೋಡಿಕೊಳ್ಳುವುದು ಬಲಗಾಲು. ಎಡಗಾಲಿಗೆ ಕೆಲಸವೇ ಇಲ್ಲ, ಮೂಲೆಯಲ್ಲಿ ಸುಮ್ಮನೆ ಕೂತಿರುತ್ತದೆ.

ಹಿಂದೆ ಈ ಸೌಕರ್ಯ ಹೆಚ್ಚಾಗಿ ದೊಡ್ಡ ಕಾರಿನವರಿಗೆ ಇತ್ತು. 2014ರಲ್ಲಿ ಮಾರುತಿಯವರು ಸೆಲೆರಿಯೊ ಕಾರಿನಲ್ಲಿ ಎಎಂಟಿ ಎಂಬ ಅಗ್ಗದ ಏರ್ಪಾಡು ತಂದರು. ಗೇರ್ ಪೆಟ್ಟಿಗೆ ಹಳೆಯದೇ. ಕ್ಲಚ್ಚು ಒತ್ತಿ ಗೇರು ಬದಲಿಸುವ ಕೆಲಸ ಮಾತ್ರ ಯಂತ್ರದ ಪಾಲಿಗೆ ಹೋಯಿತು. ಅಲ್ಲಿಂದ ಮುಂದೆ ಸಣ್ಣ ವ್ಯಾಪಾರಿ, ಮೇಷ್ಟ್ರು, ಬ್ಯಾಂಕಿನ ಗುಮಾಸ್ತರ ಮನೆ ಮುಂದೆಯೂ ಎರಡು ಪೆಡಲ್ಲಿನ ಕಾರು ಬಂದು ನಿಂತಿತು.

ಹೀಗಾಗಿ ಪೆಟ್ಟು ಬಿದ್ದದ್ದು ಎಡಗಾಲಿಗಾದರೆ ಸಾಹುಕಾರರ ಮಾತಿಗೆ ಬೆಲೆ ಇದೆ. ನೋವು ಇಳಿದಿರಬೇಕು, ಅಮಲಿನ ಮಾತ್ರೆ ನಿಂತಿರಬೇಕು, ಪ್ಲಾಸ್ಟರ್ ಹಾಕಿದ ಕಾಲನ್ನು ಪೆಡಲ್ಲಿಗೆ ತಾಗದಂತೆ ಇಟ್ಟುಕೊಳ್ಳಲು ಜಾಗ ಇರಬೇಕು, ವೈದ್ಯರು ಹೂಂ ಎಂದಿರಬೇಕು. ಇಷ್ಟಾದರೆ ಆಟೋಮೆಟಿಕ್ ಕಾರು ಓಡಿಸಲು ಅಡ್ಡಿಯಿಲ್ಲ ಎಂದು ಮೂಳೆ ವೈದ್ಯರೂ ಒಪ್ಪುತ್ತಾರೆ.

ಪೆಟ್ಟು ಬಿದ್ದದ್ದು ಬಲಗಾಲಿಗಾದರೆ? ಆಗ ಕಾರು ಆಟೋಮೆಟಿಕ್ ಆದರೂ ಒಂದೇ, ಹಳೇ ಅಂಬಾಸಿಡರ್ ಆದರೂ ಒಂದೇ. ಬ್ರೇಕು ಒತ್ತುವ ಕಾಲೇ ಪಟ್ಟಿಯೊಳಗಿದೆ. ಕಾರಿಗೆ ಹೊಸ ಯಂತ್ರ ಬಂದಿದೆ ಎಂದ ಮಾತ್ರಕ್ಕೆ ಮುರಿದ ಮೂಳೆಗೆ ಹೊಸ ಬಲ ಬರುವುದಿಲ್ಲ.

"ಎಡಗಾಲಲ್ಲೇ ಬ್ರೇಕ್ ಒತ್ತಿದ್ರಾಯ್ತು"

ಇದಕ್ಕೂ ಪೇಟೆಯ ಜಾಣರ ಹತ್ತಿರ ಉತ್ತರ ಉಂಟು. "ಬಲಗಾಲು ಇಲ್ದಿದ್ರೆ ಎಡಗಾಲಲ್ಲೇ ಒತ್ತಿದ್ರಾಯ್ತು ಬಿಡ್ರಿ." ಅಪಾಯ ಅಡಗಿರುವುದು ಇಲ್ಲೇ.

ಇಪ್ಪತ್ತು ವರ್ಷ ಕ್ಲಚ್ಚು ಒತ್ತಿದ ಎಡಗಾಲಿಗೆ ಗೊತ್ತಿರುವುದು ಒಂದೇ ವಿದ್ಯೆ: ತಳದವರೆಗೆ ಒಮ್ಮೆಗೇ ಒತ್ತುವುದು. ಅದೇ ಕಾಲನ್ನು ಬ್ರೇಕಿನ ಮೇಲೆ ಇಟ್ಟರೆ ಕಾರು ಗಕ್ಕನೆ ನಿಲ್ಲುತ್ತದೆ. ಹಿಂದೆ ಬರುವ ಬೈಕಿನವನು ಡಿಕ್ಕಿಗೆ ಬಂದು ಬಡಿಯುತ್ತಾನೆ. ಗಾಬರಿಯಲ್ಲಿ ಎರಡೂ ಕಾಲು ಎರಡೂ ಪೆಡಲ್ ತುಳಿದರೆ ಗತಿ ಏನು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಗುಟ್ಟು ಇದೆ. ಗೇರಿನ ಕಾರಿನಲ್ಲಿ ಕಾಲು ತಪ್ಪಿ ಕ್ಲಚ್ಚು ಬಿಟ್ಟರೆ ಎಂಜಿನ್ ಎಷ್ಟೋ ಸಲ ತಾನಾಗಿ ಆರಿಹೋಗುತ್ತದೆ. ಆಟೋಮೆಟಿಕ್ ಹಾಗಲ್ಲ. ಗೇರು 'ಡಿ'ಯಲ್ಲಿದ್ದು ಬ್ರೇಕಿನ ಮೇಲಿನ ಕಾಲು ಸಡಿಲವಾದರೆ ಸಾಕು, ಎಕ್ಸಲೇಟರ್ ಮುಟ್ಟದಿದ್ದರೂ ಕಾರು ತಾನೇ ತೆವಳುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ ಬ್ರೇಕು ಒತ್ತಿ ಹಿಡಿದೇ ಇರಬೇಕು. ಒಂದೆರಡು ನಿಮಿಷ ಹಾಗೆ ಒತ್ತಿ ಹಿಡಿಯುವುದು ನೆಟ್ಟಗಿರುವ ಕಾಲಿಗೆ ಏನೂ ಅಲ್ಲ. ಊದಿದ ಹಿಮ್ಮಡಿಗೆ ಅದೇ ಶಿಕ್ಷೆ. ನೋವು ಚುಚ್ಚಿದ ಕ್ಷಣ ಕಾಲು ತಾನಾಗಿ ಹಿಂದೆ ಸರಿಯುತ್ತದೆ. ಕಾರು ಮುಂದೆ ಸರಿಯುತ್ತದೆ. ಮುಂದೆ ಇರುವುದು ರಸ್ತೆ ದಾಟುತ್ತಿರುವ ಶಾಲೆ ಮಕ್ಕಳು.

ಅರ್ಧ ಸೆಕೆಂಡಿನ ಲೆಕ್ಕ

ವ್ಯಾಪಾರಿಗಳಿಗೆ ಲೆಕ್ಕ ಬೇಗ ತಿಳಿಯುತ್ತದೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗುವ ಕಾರು ಒಂದು ಸೆಕೆಂಡಿಗೆ ಸುಮಾರು 11 ಮೀಟರ್ ಓಡುತ್ತದೆ. ಬ್ರೇಕು ಒತ್ತುವುದು ಅರ್ಧ ಸೆಕೆಂಡು ತಡವಾದರೆ ಕಾರು ಐದೂವರೆ ಮೀಟರ್ ಹೆಚ್ಚಿಗೆ ಹೋಗಿರುತ್ತದೆ. ಅಂದರೆ ಒಂದು ಕಾರಿನ ಉದ್ದಕ್ಕಿಂತ ಜಾಸ್ತಿ. ಹೈವೇಯಲ್ಲಿ 80 ಕಿ.ಮೀ. ವೇಗ ಇದ್ದರೆ ಅದೇ ಅರ್ಧ ಸೆಕೆಂಡಿಗೆ 11 ಮೀಟರ್. ಪಿ.ಬಿ. ರಸ್ತೆಯಲ್ಲಿ ಬಸ್ಸಿಗೆ ಕೈ ಅಡ್ಡ ಹಿಡಿದು ರಸ್ತೆಗೇ ಇಳಿದು ನಿಲ್ಲುವ ಪ್ರಯಾಣಿಕನಿಗೂ ಕಾರಿನ ಮೂತಿಗೂ ನಡುವೆ ಇರುವುದು ಎಷ್ಟೋ ಸಲ ಇಷ್ಟೇ ಜಾಗ.

ಇದು ಬರೀ ಹೆದರಿಸುವ ಮಾತಲ್ಲ. ಅಮೆರಿಕದ ಮೂಳೆ ವೈದ್ಯರು ಇದನ್ನು ಅಳೆದು ನೋಡಿದ್ದಾರೆ. ಬಲ ಹಿಮ್ಮಡಿ ಗಂಟು ಮುರಿದು ಆಪರೇಷನ್ ಆದವರನ್ನು ಯಂತ್ರದ ಮುಂದೆ ಕೂರಿಸಿ ಬ್ರೇಕು ಒತ್ತಿಸಿದ ಪರೀಕ್ಷೆಯ ವಿವರ 2003ರಲ್ಲಿ ಪ್ರಕಟವಾಯಿತು. ಅವರ ಬ್ರೇಕಿನ ವೇಗ ಸಾಮಾನ್ಯ ಜನರ ಮಟ್ಟಕ್ಕೆ ಬರಲು ಆಪರೇಷನ್ ಆಗಿ 9 ವಾರ ಬೇಕಾಯಿತು. 2010ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ ಆರೋಗ್ಯವಂತರ ಬಲಗಾಲಿಗೇ ಪ್ಲಾಸ್ಟರ್ ಮತ್ತು ಪಟ್ಟಿ ಕಟ್ಟುವ ಬೂಟು ಹಾಕಿ ನೋಡಿದರು. ಕಾಲಿನಲ್ಲಿ ಯಾವ ನೋವೂ ಇಲ್ಲದವರಿಗೂ ಬ್ರೇಕು ತಡವಾಯಿತು. ಎಡಗಾಲಿನಿಂದ ಓಡಿಸುವ ಜೋಡಣೆ ಹಾಕಿಕೊಟ್ಟಾಗಲೂ ತಡವೇ ಆಯಿತು. ಅಂದಮೇಲೆ ನಿಜವಾಗಿ ಮೂಳೆ ಮುರಿದವರ ಪಾಡೇನು?

ನೋವು ಇದ್ದವನಾದರೂ ವಾಸಿ, ಎಚ್ಚರದಿಂದ ಇರುತ್ತಾನೆ. ನೋವೇ ಗೊತ್ತಾಗದವನು ಇನ್ನೂ ಅಪಾಯ. ಗಲ್ಲಾಪೆಟ್ಟಿಗೆ ಮುಂದೆ ಕೂತು ಕೂತು ಸಕ್ಕರೆ ಕಾಯಿಲೆ ಬರಿಸಿಕೊಂಡವರು ಪೇಟೆಯಲ್ಲಿ ಕಡಿಮೆಯಿಲ್ಲ. ಕಾಯಿಲೆ ಹಳತಾದಂತೆ ಕೆಲವರಿಗೆ ಪಾದ ಜೋಮು ಹಿಡಿಯುತ್ತದೆ. ಚಪ್ಪಲಿ ಕಳಚಿ ಬಿದ್ದದ್ದೂ ತಿಳಿಯುವುದಿಲ್ಲ. ಕಾಲಡಿ ಇರುವುದು ಬ್ರೇಕೋ ಎಕ್ಸಲೇಟರೋ, ಎಷ್ಟು ಒತ್ತಿದ್ದೇನೆ ಎಂಬುದೂ ತಿಳಿಯುವುದಿಲ್ಲ. ಅಂಗಾಲಿನ ಹುಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು, ಅದರ ಮೇಲೆ ಹವಾಯಿ ಚಪ್ಪಲಿ ಮೆಟ್ಟಿ ಕಾರು ಹತ್ತುವವರಿಗೆ ಮನೆಯವರಾದರೂ ಬುದ್ಧಿ ಹೇಳಬೇಕು.

ಕಾಯಿದೆ ಏನನ್ನುತ್ತದೆ?

"ಲೈಸೆನ್ಸ್ ಐತೆ, ಇನ್ಶೂರೆನ್ಸ್ ಐತೆ, ಯಾರು ಏನು ಕೇಳ್ತಾರೆ?" ಎಂಬುದು ಸಾಮಾನ್ಯವಾಗಿ ಕೇಳಿಬರುವ ಮಾತು. ಕೇಳಲು ಕಾಯಿದೆ ಇದೆ. 1988ರ ಮೋಟಾರು ವಾಹನ ಕಾಯಿದೆಯ 186ನೇ ಕಲಂ ಇದಕ್ಕೆಂದೇ ಇದೆ. ತನ್ನ ಕಾಯಿಲೆ ಅಥವಾ ದೇಹದ ಊನದಿಂದ ಸಾರ್ವಜನಿಕರಿಗೆ ಅಪಾಯ ಎಂದು ತಿಳಿದೂ ವಾಹನ ಓಡಿಸಿದರೆ ಅದು ಅಪರಾಧ. ಮೊದಲು 200 ರೂಪಾಯಿ ಇದ್ದ ದಂಡವನ್ನು 2019ರ ತಿದ್ದುಪಡಿಯಲ್ಲಿ 1,000 ರೂಪಾಯಿಗೆ ಏರಿಸಲಾಯಿತು. ಎರಡನೇ ಸಲಕ್ಕೆ 2,000. ಔಷಧಿಯ ಅಮಲಿನಲ್ಲಿ ಕಾರು ಹಿಡಿತ ತಪ್ಪುವಷ್ಟು ಮಂಕಾಗಿದ್ದರೆ 185ನೇ ಕಲಂ ಬೇರೆ ಇದೆ. ಅದು ಕುಡಿದವರಿಗೆ ಹಾಕುವ ಕಲಂ. ಮೂಳೆ ನೋವಿಗೆ ಕೊಡುವ ಕೆಲವು ಬಲವಾದ ಮಾತ್ರೆಗಳು ನಿದ್ದೆ ತರಿಸುತ್ತವೆ ಎಂಬುದನ್ನು ಔಷಧಿ ಅಂಗಡಿಯವರನ್ನು ಕೇಳಿದರೂ ಹೇಳುತ್ತಾರೆ.

ದಂಡ ಸಾವಿರವೇ ಇರಬಹುದು. ಆದರೆ ಒಂದು ಜೀವ ಹೋದರೆ ಲೆಕ್ಕ ಬೇರೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಂತೆ ನಿರ್ಲಕ್ಷ್ಯದಿಂದ ಸಾವಿಗೆ ಕಾರಣರಾದವರಿಗೆ 5 ವರ್ಷದವರೆಗೆ ಜೈಲು. ಹಳೆಯ ದಂಡ ಸಂಹಿತೆಯಲ್ಲಿ ಇದು 2 ವರ್ಷ ಇತ್ತು. ಕಾಲಿಗೆ ಪ್ಲಾಸ್ಟರ್ ಹಾಕಿಕೊಂಡು ಸ್ಟೇರಿಂಗ್ ಹಿಡಿದಿದ್ದರು ಎಂದು ಎದುರಿನ ವಕೀಲರು ಎತ್ತಿ ಹೇಳಿದರೆ ನಿರ್ಲಕ್ಷ್ಯಕ್ಕೆ ಬೇರೆ ಸಾಕ್ಷಿ ಹುಡುಕುವ ಕಷ್ಟ ಅವರಿಗೆ ಎಲ್ಲಿ ಬರುತ್ತದೆ?

ಆದರೆ ಕಾಯಿದೆಯಲ್ಲೂ ಒಂದು ಕಂಡಿ ಇದೆ. ಲೈಸೆನ್ಸ್ ಅರ್ಜಿಯ ಜೊತೆ ಕೊಡುವ 1ನೇ ನಮೂನೆಯಲ್ಲಿ ಕೈಕಾಲು ಕಳೆದುಕೊಂಡಿದ್ದೀರಾ, ಅವುಗಳ ಚಲನೆಯಲ್ಲಿ, ಬಲದಲ್ಲಿ ದೋಷ ಇದೆಯಾ ಎಂಬ ಪ್ರಶ್ನೆ ಇದೆ. ಅದಕ್ಕೆ 'ಇಲ್ಲ' ಎಂದು ಬರೆದು ಸಹಿ ಹಾಕಿದ 35 ವರ್ಷದ ಮನುಷ್ಯನಿಗೆ ಸಿಗುವುದು 10 ವರ್ಷದ ಲೈಸೆನ್ಸ್. ಈ ಹತ್ತು ವರ್ಷದ ನಡುವೆ ಕಾಲು ಮುರಿದರೆ ಎಷ್ಟು ವಾರ ಸ್ಟೇರಿಂಗ್ ಮುಟ್ಟಬಾರದು ಎಂಬ ಲೆಕ್ಕ ಕಾಯಿದೆಯಲ್ಲಿ ಇಲ್ಲ. 16ನೇ ಕಲಮಿನಂತೆ ಲೈಸೆನ್ಸ್ ರದ್ದು ಮಾಡುವ ಅಥವಾ ವೈದ್ಯರ ಸರ್ಟಿಫಿಕೇಟ್ ಕೇಳುವ ಅಧಿಕಾರ ಆರ್‌ಟಿಓ ಸಾಹೇಬರಿಗೆ ಇದೆ. ಆದರೆ ಯಾರ ಮನೆಯಲ್ಲಿ ಯಾರ ಕಾಲು ಮುರಿದಿದೆ ಎಂದು ಆರ್‌ಟಿಓ ಕಚೇರಿಗೆ ತಿಳಿಯುವುದು ಹೇಗೆ? ಬ್ರಿಟನ್ನಿನಲ್ಲಾದರೆ ಪೆಟ್ಟಿನಿಂದ 3 ತಿಂಗಳಿಗಿಂತ ಹೆಚ್ಚು ಕಾಲ ಗಾಡಿ ಓಡಿಸಲಾಗದವರು ಲೈಸೆನ್ಸ್ ಕಚೇರಿಗೆ ತಾವೇ ತಿಳಿಸಬೇಕೆಂಬ ಕಟ್ಟಳೆ ಇದೆ. ಇಲ್ಲಿ ಎಲ್ಲವೂ ಅವರವರ ಆತ್ಮಸಾಕ್ಷಿಗೆ ಬಿಟ್ಟದ್ದು.

ವಿಮೆಯ ಸಣ್ಣ ಅಕ್ಷರ

ಅಂಗಡಿಯವರು ಕಿವಿಗೊಡಬೇಕಾದ ಇನ್ನೊಂದು ಸಂಗತಿ ಇದೆ. ಕಾರಿನ ವಿಮೆಯ ಜೊತೆ ಮಾಲೀಕ-ಚಾಲಕನಿಗೆ 15 ಲಕ್ಷ ರೂಪಾಯಿಯ ಅಪಘಾತ ವಿಮೆಯ ಏರ್ಪಾಡು 2018ರಲ್ಲಿ ಬಂತು. ತಾನು ಹೋದರೂ ಹೆಂಡತಿ ಮಕ್ಕಳಿಗೆ ಅಷ್ಟಾದರೂ ಸಿಗಲಿ ಎಂದು ಜನ ದುಡ್ಡು ಕಟ್ಟುತ್ತಾರೆ. ಆದರೆ ಅದರ ಷರತ್ತುಗಳಲ್ಲಿ ಒಂದು ಸಾಲು ಇದೆ: ದೇಹದ ನ್ಯೂನತೆ ಅಥವಾ ಅಶಕ್ತತೆಯ ಕಾರಣದಿಂದ ಆದ ಸಾವು-ಗಾಯಕ್ಕೆ ಪರಿಹಾರ ಇಲ್ಲ. ಆತ್ಮಹತ್ಯೆಯ ಮಾತು ಬರುವ ಸಾಲಿನಲ್ಲೇ ಇದೂ ಇದೆ.

ಆರು ವಾರದ ಪ್ಲಾಸ್ಟರ್ ಈ ಮಾತಿನ ಒಳಗೆ ಬರುತ್ತದೋ ಇಲ್ಲವೋ ಎಂದು ವಾದ ಮಾಡಬಹುದು. ಆದರೆ ಆ ವಾದ ಮಾಡಬೇಕಾಗುವುದು ಕೋರ್ಟಿನ ಕಟ್ಟೆಯ ಮೇಲೆ. ಮಾಡಬೇಕಾದವಳು ಗಂಡನನ್ನು ಕಳೆದುಕೊಂಡ ಹೆಂಗಸು. ಹತ್ತು ನಿಮಿಷದ ದಾರಿಗೆ ಆಟೊದವನಿಗೆ ಕೊಡಬೇಕಾದ ನೂರು ರೂಪಾಯಿ ಉಳಿಸಲು ಹೋಗಿ 15 ಲಕ್ಷಕ್ಕೆ ತಕರಾರು ತಂದುಕೊಳ್ಳುವುದು ಯಾವ ವ್ಯಾಪಾರ?

ಬಸ್ಸಿನ ಡ್ರೈವರ್ ಕಾಲು

ಸಾಹುಕಾರರ ಕಾರಿನ ಮಾತು ಹಾಗಿರಲಿ. ಬಸ್ಸಿನಲ್ಲಿ ಓಡಾಡುವ ಜನ ಕೇಳಬೇಕಾದ ಪ್ರಶ್ನೆ ಒಂದಿದೆ. ತಾವು ಕೂತಿರುವ ಬಸ್ಸಿನ ಡ್ರೈವರ್ ಕಾಲು ಹೇಗಿದೆ?

ದಾವಣಗೆರೆ ಸೀಮೆಯಲ್ಲಿ ಖಾಸಗಿ ಬಸ್ಸುಗಳು ಹಳ್ಳಿಗಳ ಜೀವನಾಡಿ. ಇಲ್ಲಿ ಆಟೋಮೆಟಿಕ್ ಸುಖ ಇಲ್ಲ. ಗೇರು, ಕ್ಲಚ್ಚು ಎಲ್ಲ ಉಂಟು. ಹರಿಹರದಿಂದ ದಾವಣಗೆರೆಗೆ ಬರುವಷ್ಟರಲ್ಲಿ ಎಡಗಾಲು ಕ್ಲಚ್ಚನ್ನು ಎಷ್ಟು ಸಲ ತುಳಿದಿರುತ್ತದೆ ಎಂದು ಎಣಿಸಿದವರಿಲ್ಲ. ಅಂದರೆ ಬಸ್ಸಿನವನಿಗೆ ಎರಡು ಕಾಲೂ ಬೇಕು. ಎಡಗಾಲು ಉಳುಕಿದರೂ ಅವನು ಓಡಿಸುವಂತಿಲ್ಲ.

ಆದರೆ ದಿನದ ಬಾಟದ ಮೇಲೆ ಬದುಕುವವನು ಆರು ವಾರ ಮನೆಯಲ್ಲಿ ಕೂತರೆ ಒಲೆ ಹೊತ್ತುವುದು ಹೇಗೆ? "ಕಾಲು ಊದೈತೆ ಅಂದ್ರೆ ಓನರ್ರು ಬೇರೆ ಡ್ರೈವರ್‌ನ ನೋಡ್ಕೊಂತಾರೆ ಅಣ್ಣಾ" ಎನ್ನುವವನ ಮಾತಿನಲ್ಲಿ ಸೊಕ್ಕಿಲ್ಲ, ಹೊಟ್ಟೆಯ ಸಂಕಟ ಇದೆ. ಇಎಸ್‌ಐಗೆ ಸೇರಿದ ಕಾರ್ಮಿಕ ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇಕಡಾ 70ರಷ್ಟು ಹಣ ಪಡೆಯಬಹುದು. ಹೆಸರು ಪುಸ್ತಕದಲ್ಲಿ ಇದ್ದವರಿಗೆ ಇದು. ಹೆಸರೇ ಇಲ್ಲದೆ ಟ್ರಿಪ್ಪಿನ ಲೆಕ್ಕದಲ್ಲಿ ಸ್ಟೇರಿಂಗ್ ಹಿಡಿಯುವವನಿಗೆ ಯಾವ ಇಎಸ್‌ಐ? ಮಾತ್ರೆ ನುಂಗಿ, ಬಿಗಿಯಾಗಿ ಬಟ್ಟೆ ಸುತ್ತಿ, ಐವತ್ತು ಜನರನ್ನು ಕೂರಿಸಿಕೊಂಡು ಹೊರಡುತ್ತಾನೆ. ಸಾಹುಕಾರರದ್ದು ಧೈರ್ಯವಾದರೆ ಇವನದ್ದು ಅನಿವಾರ್ಯ. ಬ್ರೇಕಿಗೆ ಮಾತ್ರ ಈ ವ್ಯತ್ಯಾಸ ತಿಳಿಯುವುದಿಲ್ಲ.

ಮನೆಯಲ್ಲೇ ಕೂರಬೇಕೇ?

ಹಾಗಾದರೆ ಕಾಲು ಮುರಿದವರು ಕಾರು ಯಾಕೆ ಹತ್ತುತ್ತಾರೆ? ಎಲ್ಲರೂ ಹಟಮಾರಿಗಳೇನಲ್ಲ. ಪ್ಲಾಸ್ಟರ್ ಹಾಕಿದ ಕಾಲಿನಲ್ಲಿ ಬಸ್ಸಿನ ಮೆಟ್ಟಿಲು ಹತ್ತುವುದು ಪರ್ವತ ಹತ್ತಿದ ಹಾಗೆ. ಫುಟ್‌ಪಾತ್ ಇರುವ ಕಡೆ ಅದರ ಮೇಲೆ ಅಂಗಡಿ ಇದೆ. ಇಲ್ಲದ ಕಡೆ ಚರಂಡಿ ಇದೆ. ಅಂಗಡಿ ಬಾಗಿಲು ಒಂದು ತಿಂಗಳು ಮುಚ್ಚಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ, ಮತ್ತೆ ಬರುವುದಿಲ್ಲ. ಅಂಗವಿಕಲರಿಗೆ ಬಸ್ಸು, ನಿಲ್ದಾಣ ಎಲ್ಲ ಅನುಕೂಲವಾಗಿರಬೇಕೆಂದು 2016ರ ಕಾಯಿದೆ ಹೇಳುತ್ತದೆ. ಬಸ್ಸಿನ ಮೆಟ್ಟಿಲು ತಗ್ಗಿದರೆ ಶಾಶ್ವತವಾಗಿ ಕಾಲು ಕಳೆದುಕೊಂಡವರಿಗೆ ಮಾತ್ರವಲ್ಲ, ಆರು ವಾರ ಪ್ಲಾಸ್ಟರಿನಲ್ಲಿ ಇರುವವರಿಗೂ, ಬಸುರಿಗೂ, ಮುದುಕರಿಗೂ ಅನುಕೂಲ. ಅದು ಆಗುವವರೆಗೆ ಜನ ಕಾರಿನ ಕೀಲಿ ಹುಡುಕುತ್ತಲೇ ಇರುತ್ತಾರೆ.

ಒಂದು ಮಾತು ಸ್ಪಷ್ಟವಾಗಬೇಕು. ಕಾಲಿನ ಶಕ್ತಿ ಇಲ್ಲದವರು ಗಾಡಿ ಓಡಿಸಲೇಬಾರದು ಎಂದು ಕಾಯಿದೆ ಹೇಳುವುದಿಲ್ಲ. ಕೈಯಿಂದಲೇ ಬ್ರೇಕು, ಎಕ್ಸಲೇಟರ್ ನಡೆಸುವಂತೆ ಆಟೋಮೆಟಿಕ್ ಕಾರನ್ನು ಮಾರ್ಪಡಿಸಿ, ಅದನ್ನು ಆರ್‌ಟಿಓ ಕಚೇರಿಯಲ್ಲಿ ನೋಂದಾಯಿಸಿ, ಅಂಥ ವಾಹನಕ್ಕೆಂದೇ ಲೈಸೆನ್ಸ್ ಪಡೆಯಲು ದಾರಿ ಇದೆ. 2019ರ ತಿದ್ದುಪಡಿ ಈ ದಾರಿಯನ್ನು ಇನ್ನಷ್ಟು ಸಲೀಸು ಮಾಡಿತು. ಆ ಕಾರನ್ನು ಕಲಿತು, ಪರೀಕ್ಷೆ ಕೊಟ್ಟು ಓಡಿಸುವವರು ಯಾರಿಗೂ ಕಡಿಮೆಯಿಲ್ಲದ ಚಾಲಕರು. ತಕರಾರು ಇರುವುದು ಅವರ ಬಗ್ಗೆ ಅಲ್ಲ. ನಿನ್ನೆ ಕಾಲು ಮುರಿದುಕೊಂಡು, ಇವತ್ತು ಏನೂ ಕಲಿಯದೆ, ಏನೂ ಬದಲಿಸದೆ ಅದೇ ಕಾರು ಹತ್ತುವವರ ಬಗ್ಗೆ.

ಆಗಬೇಕಾದ ಕೆಲಸ ದೊಡ್ಡದೇನಲ್ಲ. ದವಾಖಾನೆಯಿಂದ ಮನೆಗೆ ಕಳಿಸುವಾಗ ಕೊಡುವ ಚೀಟಿಯಲ್ಲಿ ಮಾತ್ರೆ ಎಷ್ಟು ಹೊತ್ತಿಗೆ ಎಂದು ಬರೆಯುತ್ತಾರೆ. ಅದರ ಕೆಳಗೆ ಒಂದು ಸಾಲು, 'ಇಂಥ ತಾರೀಖಿನವರೆಗೆ ವಾಹನ ಓಡಿಸಬಾರದು' ಎಂದು ಬರೆದರೆ ಶಾಯಿ ಎಷ್ಟು ಖರ್ಚಾದೀತು? ಜಿಲ್ಲಾ ಆಸ್ಪತ್ರೆಯಿಂದಲೇ ಇದು ಶುರುವಾಗಬಹುದು. ಆರ್‌ಟಿಓ ಕಚೇರಿಯವರು ರಸ್ತೆ ಸುರಕ್ಷತೆಯ ಸಪ್ತಾಹದಲ್ಲಿ ಹೆಲ್ಮೆಟ್ಟಿನ ಮಾತಿನ ಜೊತೆ ಈ ಮಾತನ್ನೂ ಸೇರಿಸಬಹುದು. ಬಸ್ ಮಾಲೀಕರು ಡ್ರೈವರ್ ಕುಂಟುತ್ತ ಬಂದ ದಿನ ಕೀಲಿ ಕೊಡದೆ, ಕೂಲಿ ಕೊಟ್ಟು ಮನೆಗೆ ಕಳಿಸಬಹುದು.

ಓಡಿಸಬೇಕೆನ್ನುವವರು ಮನೆ ಮುಂದೆಯೇ ಒಂದು ಪರೀಕ್ಷೆ ಮಾಡಿಕೊಳ್ಳಬಹುದು. ಊರುಗೋಲು ಇಲ್ಲದೆ, ಕುಂಟದೆ ನಡೆಯಲು ಬರುತ್ತದೆಯೇ? ನಿಂತ ಕಾರಿನಲ್ಲಿ, ಎಂಜಿನ್ ಆರಿಸಿ, ಬಲಗಾಲನ್ನು ಎಕ್ಸಲೇಟರಿನಿಂದ ಎತ್ತಿ ಬ್ರೇಕಿನ ಮೇಲೆ ಜೋರಾಗಿ, ಮಗು ಅಡ್ಡ ಬಂದಂತೆ, ಹತ್ತು ಸಲ ಒತ್ತಲು ಆಗುತ್ತದೆಯೇ? ಒಂದು ಸಲವಾದರೂ ಹಲ್ಲು ಕಚ್ಚಿ 'ಅಮ್ಮಾ' ಎನ್ನುವಂತಾದರೆ ಕಾಲ ಇನ್ನೂ ಬಂದಿಲ್ಲ ಎಂದೇ ಅರ್ಥ. ಆಯಿತು ಎನಿಸಿದರೂ ಕೊನೆಯ ಮಾತು ವೈದ್ಯರದ್ದು.

2022ರ ಒಂದೇ ವರ್ಷ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಆ ಲೆಕ್ಕಕ್ಕೆ ಇನ್ನೊಂದು ಸೇರಿಸಲು ಅರ್ಧ ಸೆಕೆಂಡು ಸಾಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದು ದುಡ್ಡಿನ ವಿಚಾರಕ್ಕೆ. ಕಾಲೇ ನೆಟ್ಟಗಿಲ್ಲದ ಹೊತ್ತಿನಲ್ಲಿ ಆ ಮಾತು ಪೆಡಲ್ಲಿಗೂ ಸಲ್ಲುತ್ತದೆ. ಮಂಡಿಪೇಟೆಯ ಸಾಹುಕಾರರು ಇನ್ನು ಆರು ವಾರ ಮಗನ ಕೈಗೋ ಪಕ್ಕದ ಅಂಗಡಿಯ ಹುಡುಗನ ಕೈಗೋ ಕೀಲಿ ಕೊಟ್ಟು ಹಿಂದಿನ ಸೀಟಿನಲ್ಲಿ ಕೂತು ಬರಲಿ. ಸಾಹುಕಾರರಿಗೆ ಅದೇ ಹೆಚ್ಚು ಒಪ್ಪುವ ಜಾಗ ಕೂಡ.